ಕುತ್ತಿಗೆ ಸವೆದು ಕೈಗಿಳಿದ ನೋವು: ಫಿಸಿಯೋಥೆರಪಿಯಲ್ಲಿ ಕೈ ಮಾಡಬೇಕಾದ ಕೆಲಸ

ಕುತ್ತಿಗೆ ನೋವೆಂದು ಬರುವವರಲ್ಲಿ ಕೆಲವರ ಕಾಯಿಲೆ, ಕುತ್ತಿಗೆಯಲ್ಲಿ ನರದ ಬೇರು ಸಿಕ್ಕಿಬಿದ್ದು ನೋವು ಕೈಗಿಳಿಯುವುದು, ಬಾಗಿಲಲ್ಲೇ ಗೊತ್ತಾಗುತ್ತದೆ. ಕೂತು ಎರಡು ನಿಮಿಷ ಆಗುವಷ್ಟರಲ್ಲಿ ನೋಯುವ ಕೈ ತಾನಾಗಿ ನೆತ್ತಿಯ ಮೇಲೆ ಹೋಗಿ ಕೂರುತ್ತದೆ. ಅಲ್ಲಿಟ್ಟರೆ ಹಾಯೆನಿಸುತ್ತದೆ, ಇಳಿಬಿಟ್ಟರೆ ಹೆಗಲಿನಿಂದ ಬೆರಳ ತನಕ ಕರೆಂಟ್ ಹೊಡೆದ ಹಾಗೆ ಚಳಕು. ಕೈ ಮೇಲೆತ್ತಿದಾಗ ಕುತ್ತಿಗೆಯಿಂದ ಹೊರಟ ನರದ ಬೇರಿಗೆ ಸ್ವಲ್ಪ ಸಡಿಲ ಸಿಗುತ್ತದೆ, ಅಷ್ಟೇ ಗುಟ್ಟು. ಭುಜದ ಕೀಲು ಕೆಟ್ಟವರದು ಇದಕ್ಕೆ ತದ್ವಿರುದ್ಧ. ಅವರಿಗೆ ಕೈ ಎತ್ತುವುದೇ ಕಷ್ಟ.

ಈ ಬರಹ ಅಂಥ ಕೈಯುಳ್ಳವರಿಗೆ, ಅವರ ಕುತ್ತಿಗೆಗೆ ಕೈಹಾಕುವ ಕಿರಿಯ ಫಿಸಿಯೋಗಳಿಗೆ. ಚಿಕಿತ್ಸೆ ಮುಗಿಸಿ ಎದ್ದಾಗ "ಕುತ್ತಿಗೆ ಹಗುರವಾಯಿತಾ?" ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಈ ಕಾಯಿಲೆಯಲ್ಲಿ ಅದು ದಾರಿ ತಪ್ಪಿಸುವ ಪ್ರಶ್ನೆ. ಬಿಸಿ ಶಾಖ ಕೊಟ್ಟು ನಾಲ್ಕು ಸಲ ತಿಕ್ಕಿದರೆ ಯಾರ ಕುತ್ತಿಗೆಯೂ ಹಗುರವಾಗುತ್ತದೆ. ಕೇಳಬೇಕಾದದ್ದು: ನೋವು ಈಗ ಎಲ್ಲಿಯವರೆಗೆ ಇಳಿದಿದೆ? ಬೆರಳಿನಲ್ಲಿದ್ದದ್ದು ಮೊಣಕೈಗೆ, ಮೊಣಕೈಯದ್ದು ಹೆಗಲಿಗೆ ಏರಿದರೆ ದಾರಿ ಸರಿ. ಹೆಗಲಿನ ನೋವು ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ. ಕುತ್ತಿಗೆ ಆರಾಮಾಗಿ, ನೋವು ಹೆಗಲಿನಿಂದ ಮುಂಗೈಗೆ ಇಳಿದಿದ್ದರೆ ಆ ದಿನ ಮಾಡಿದ್ದು ತಪ್ಪು.

ಕುತ್ತಿಗೆಯಲ್ಲಿ 7 ಮಣಿಮೂಳೆ, ಆದರೆ ನರಬೇರುಗಳು 8 ಜೊತೆ. ಒಂದರಿಂದ ಏಳರವರೆಗಿನ ಬೇರು ತನ್ನದೇ ಸಂಖ್ಯೆಯ ಮೂಳೆಯ ಮೇಲಿನಿಂದ ಹೊರಬೀಳುತ್ತದೆ; ಎಂಟನೆಯದು ಕುತ್ತಿಗೆಯ ಕೊನೆಯ ಮೂಳೆಗೂ ಬೆನ್ನಿನ ಮೊದಲ ಮೂಳೆಗೂ ನಡುವೆ. ಕುತ್ತಿಗೆಯ ಮೂಳೆ, ಬೇರುಗಳನ್ನು ಮೇಲಿನಿಂದ ಸಿ1, ಸಿ2 ಎಂದು ಎಣಿಸುತ್ತಾರೆ. ಹಾಗಾಗಿ ಸಿ5-ಸಿ6 ನಡುವಿನ ತೊಂದರೆ ಸಿ6 ಬೇರಿಗೆ, ಸಿ6-ಸಿ7 ನಡುವಿನದು ಸಿ7 ಬೇರಿಗೆ ತಗಲುತ್ತದೆ. ಅತಿ ಹೆಚ್ಚು ಸಿಕ್ಕಿಬೀಳುವುದು ಸಿ7, ಅದರ ಹಿಂದೆ ಸಿ6. ಬೇರು ಹೊರಡುವ ಕಂಡಿಯ ಮುಂದಿನ ಗೋಡೆಯಲ್ಲಿ ಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಮತ್ತು ಅದರ ಅಂಚಿನ ಪುಟ್ಟ ಕೀಲು, ಹಿಂದಿನ ಗೋಡೆಯಲ್ಲಿ ಮೂಳೆಗೆ ಮೂಳೆ ಕೂಡುವ ಫ್ಯಾಸೆಟ್ ಕೀಲು. ವಯಸ್ಸಾದಂತೆ ಡಿಸ್ಕಿನ ನೀರು ಆರಿ ಎತ್ತರ ಕುಗ್ಗುತ್ತದೆ, ಭಾರ ಅಂಚಿಗೆ ಬೀಳುತ್ತದೆ, ಅಂಚಿನಲ್ಲಿ ಮೂಳೆ ಮೊಳೆಯುತ್ತದೆ. ಕಂಡಿ ಎರಡೂ ಕಡೆಯಿಂದ ಕಿರಿದಾಗುತ್ತದೆ. ತಲೆ ಮುಂದಕ್ಕೆ ಬಾಗಿಸಿದರೆ, ನೋವಿಲ್ಲದ ಬದಿಗೆ ವಾಲಿಸಿದರೆ ಅದು ತೆರೆದುಕೊಳ್ಳುತ್ತದೆ. ಹಿಂದಕ್ಕೆ ಬಾಗಿ ನೋವಿನ ಬದಿಗೆ ವಾಲಿದರೆ ಮುಚ್ಚಿಕೊಳ್ಳುತ್ತದೆ. ಕೈಚಿಕಿತ್ಸೆಯ ಅರ್ಧ ವಿದ್ಯೆ ಈ ಎರಡು ವಾಕ್ಯಗಳಲ್ಲಿದೆ.

ಇನ್ನರ್ಧ, ನರಬೇರು ಊದಿಕೊಂಡಿರುತ್ತದೆ ಎಂಬುದನ್ನು ನೆನಪಿಡುವುದು. ಒತ್ತಡವೊಂದೇ ಆಗಿದ್ದರೆ ಜೋಮು ಹಿಡಿದು ಶಕ್ತಿ ಕುಂದುತ್ತಿತ್ತು, ಇಷ್ಟು ಉರಿ ಇರುತ್ತಿರಲಿಲ್ಲ. ಊದಿದ ನರವನ್ನು ಎಳೆದು "ಬಿಡಿಸಲು" ಹೊರಟರೆ ಅದು ಸಿಟ್ಟಾಗುತ್ತದೆ.

ಎಂಆರ್‌ಐ ವರದಿ ಹಿಡಿದು ಗಾಬರಿಯಾಗಿ ಬರುವವರಿಗೆ ಒಂದು ಮಾತು. ಜಪಾನಿನಲ್ಲಿ ಯಾವ ನೋವೂ ಇಲ್ಲದ 497 ಜನರ ಕುತ್ತಿಗೆಯ ಎಂಆರ್‌ಐ ತೆಗೆದು 1998ರಲ್ಲಿ ಪ್ರಕಟಿಸಿದರು. ಇಪ್ಪತ್ತರ ಹರೆಯದ ಗಂಡಸರಲ್ಲೇ ನೂರಕ್ಕೆ 17, ಹೆಂಗಸರಲ್ಲಿ 12 ಮಂದಿಯ ಡಿಸ್ಕ್ ಸವೆದಿತ್ತು. ಅರವತ್ತು ದಾಟಿದವರಲ್ಲಿ ಅದು 86 ಮತ್ತು 89. ಅಂದರೆ ಸವೆತ ಎಂಬುದು ಕೂದಲು ನರೆತ ಹಾಗೆ. ವರದಿಯಲ್ಲಿ ಮೂರು ಕಡೆ "ಬಲ್ಜ್" (ಡಿಸ್ಕ್ ಉಬ್ಬಿದೆ) ಎಂದು ಬರೆದಿದ್ದರೂ ಕೈಗಿಳಿದ ನೋವಿಗೆ ಕಾರಣ ಅವುಗಳಲ್ಲಿ ಒಂದೇ ಇರಬಹುದು, ಒಂದೂ ಇಲ್ಲದಿರಬಹುದು. "ಏನೋ ಭಾರ ಎತ್ತಿದೆ, ಅದರಿಂದಲೇ ಆಯಿತು" ಎಂದು ತಮ್ಮನ್ನೇ ಬೈದುಕೊಳ್ಳುವವರೂ ಇದ್ದಾರೆ. ಅಮೆರಿಕದ ಮಿನ್ನೆಸೋಟದ ರಾಚೆಸ್ಟರ್ ಊರಿನಲ್ಲಿ 1976ರಿಂದ 1990ರವರೆಗೆ ಈ ಕಾಯಿಲೆ ಬಂದ 561 ಮಂದಿಯನ್ನು ಲೆಕ್ಕ ಹಾಕಿದಾಗ, ಶುರುವಾಗುವ ಮುಂಚೆ ಶ್ರಮದ ಕೆಲಸವೋ ಪೆಟ್ಟೋ ಆಗಿದ್ದವರು ನೂರಕ್ಕೆ 15 ಮಾತ್ರ.

ಯಾವ ಬೇರು ಎಂಬುದನ್ನು ಚಿತ್ರಕ್ಕಿಂತ ಮೊದಲು ಕೈಯಲ್ಲೇ ಓದಬೇಕು. ಸಿ5 ಆದರೆ ರಟ್ಟೆಯ ಹೊರಮೈ ನೋವು, ಕೈ ಪಕ್ಕಕ್ಕೆ ಎತ್ತುವ ಶಕ್ತಿ ಕಡಿಮೆ. ಸಿ6 ಆದರೆ ಹೆಬ್ಬೆರಳು, ತೋರುಬೆರಳು ಜೋಮು. ಮಣಿಕಟ್ಟು ಮೇಲೆತ್ತುವುದು, ಮೊಣಕೈ ಮಡಿಸುವುದು ಬಲಹೀನ. ಬೈಸೆಪ್ಸ್ ರಿಫ್ಲೆಕ್ಸ್, ಅಂದರೆ ಸುತ್ತಿಗೆಯಿಂದ ತಟ್ಟಿದಾಗ ಸ್ನಾಯು ತಾನಾಗಿ ಎಗರುವುದು, ಮಂದ. ಸಿ7ರಲ್ಲಿ ನಡುಬೆರಳು, ಮೊಣಕೈ ನೇರ ಮಾಡುವ ಟ್ರೈಸೆಪ್ಸ್ ಮತ್ತು ಅದರ ರಿಫ್ಲೆಕ್ಸ್. ಸಿ8ರಲ್ಲಿ ಕಿರುಬೆರಳು, ಮುಂಗೈಯ ಒಳಬದಿ, ಮುಷ್ಟಿಯ ಹಿಡಿತ. ಟ್ರೈಸೆಪ್ಸ್ ದುರ್ಬಲವಾದದ್ದು ರೋಗಿಗೇ ಗೊತ್ತಿರುವುದಿಲ್ಲ, ಯಾಕೆಂದರೆ ಕೈ ಕೆಳಗಿಳಿಸುವ ಕೆಲಸವನ್ನು ಭೂಮಿಯೇ ಮಾಡಿಕೊಡುತ್ತದೆ. ಕುರ್ಚಿಯ ಕೈ ಒತ್ತಿ ಏಳಲು ಹೇಳಿ, ಅಥವಾ ಗೋಡೆಗೆ ಒಂದೇ ಕೈಯೂರಿ ದಂಡ ಹೊಡೆಯಲು ಹೇಳಿ, ಕಾಣುತ್ತದೆ. ಇನ್ನೊಂದು: ಎಷ್ಟೋ ಸಲ ನೋವು ಮೊದಲು ಶುರುವಾಗುವುದು ಕೈಯಲ್ಲೂ ಅಲ್ಲ, ಕುತ್ತಿಗೆಯಲ್ಲೂ ಅಲ್ಲ, ಬೆನ್ನಿನ ರೆಕ್ಕೆಮೂಳೆಯ ಒಳ ಅಂಚಿನಲ್ಲಿ. ಅಲ್ಲಿಗೆ ವಾರಗಟ್ಟಲೆ ಮುಲಾಮು ತಿಕ್ಕಿ "ವಾಯು ಹಿಡಿದಿದೆ" ಎಂದುಕೊಂಡಿರುತ್ತಾರೆ.

ಬೆರಳು ಜೋಮು ಹಿಡಿದದ್ದೆಲ್ಲ ಕುತ್ತಿಗೆಯಲ್ಲ. ರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಸರಿಹೋಗುತ್ತದೆ, ಕುತ್ತಿಗೆ ಹೇಗೆ ತಿರುಗಿಸಿದರೂ ವ್ಯತ್ಯಾಸವಿಲ್ಲ ಎಂದರೆ ಕಾರ್ಪಲ್ ಟನಲ್, ಅಂದರೆ ಮಣಿಕಟ್ಟಿನಲ್ಲಿ ನರ ಸಿಕ್ಕಿಬೀಳುವ ತೊಂದರೆ, ಇದೆಯೇ ನೋಡಿ. ಅದರಲ್ಲಿ ಟ್ರೈಸೆಪ್ಸ್ ಎಂದೂ ಸೋಲುವುದಿಲ್ಲ. ಉಂಗುರ ಬೆರಳಿನ ಅರ್ಧ ಮಾತ್ರ ಮರಗಟ್ಟಿ, ಜೋಮು ಮಣಿಕಟ್ಟಿಗಿಂತ ಹೆಚ್ಚು ಮೇಲೇರದಿದ್ದರೆ ಮೊಣಕೈ ಹಿಂದಿನ ಅಲ್ನಾರ್ ನರ. ಎರಡೂ ಕೈ, ಎರಡೂ ಪಾದ ಒಟ್ಟಿಗೆ ಜುಮುಗುಟ್ಟಿದರೆ ಸಕ್ಕರೆ ಕಾಯಿಲೆ, ಬಿ12 ಕೊರತೆ ಪರೀಕ್ಷಿಸಬೇಕು. ಅಪ್ಪಟ ಸಸ್ಯಾಹಾರಿಗಳಲ್ಲಿ ಎರಡನೆಯದನ್ನು ಮರೆಯುವಂತಿಲ್ಲ. ನಡೆದಾಗ, ಮೆಟ್ಟಿಲು ಹತ್ತಿದಾಗ ಎಡಗೈಗೆ ಬರುವ, ನಿಂತರೆ ಹೋಗುವ ನೋವು ಫಿಸಿಯೋ ಮಂಚಕ್ಕೆ ಬರಬಾರದು, ಇಸಿಜಿಗೆ ಹೋಗಬೇಕು.

ಕುತ್ತಿಗೆ ಮುಟ್ಟಲೇಬಾರದ ಸಂದರ್ಭಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಅಂಗಿಯ ಗುಂಡಿ ಹಾಕಲು ಬೆರಳು ಕೇಳುತ್ತಿಲ್ಲ, ಅಕ್ಷರ ಕೆಟ್ಟಿದೆ, ನಡೆಯುವಾಗ ಕಾಲು ಬಿಗಿ, ಹವಾಯಿ ಚಪ್ಪಲಿ ಕಾಲಿನಿಂದ ಗೊತ್ತಾಗದೆ ಜಾರುತ್ತದೆ, ಮೂತ್ರಕ್ಕೆ ಅವಸರ, ತಲೆ ಬಗ್ಗಿಸಿದರೆ ಬೆನ್ನುದ್ದಕ್ಕೂ ಕರೆಂಟ್ ಹರಿಯುತ್ತದೆ. ಇವೆಲ್ಲ ಬೇರಿನದ್ದಲ್ಲ, ಬೆನ್ನುಹುರಿಯೇ ಒತ್ತಿಕೊಂಡಿರುವ ಲಕ್ಷಣ. ನಡುಬೆರಳ ಉಗುರು ಚಿಮ್ಮಿಸಿದಾಗ ಹೆಬ್ಬೆರಳು ಮಡಚಿಕೊಳ್ಳುವ ಹಾಫ್‌ಮನ್ ಪರೀಕ್ಷೆ, ಅಂಗಾಲು ಗೀರುವ ಬಬಿನ್‌ಸ್ಕಿ, ಸರಳ ರೇಖೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಸುವುದು: ಮೂರಕ್ಕೂ ಸೇರಿ ಎರಡು ನಿಮಿಷ ಸಾಕು. ಆ ಎರಡು ನಿಮಿಷ ಉಳಿಸುವ ಕ್ಲಿನಿಕ್ಕಿಗೆ ಹೋಗಬೇಡಿ. ಜ್ವರ, ತೂಕ ಇಳಿತ, ರಾತ್ರಿ ಮಲಗಿದರೂ ಬಿಡದ ನೋವಿದ್ದರೆ ಬೆನ್ನುಮೂಳೆಯ ಕ್ಷಯ ಅಥವಾ ಗಡ್ಡೆಯ ಶಂಕೆ. ರುಮಟಾಯ್ಡ್ ಸಂಧಿವಾತ ಇದ್ದವರ ಮೇಲಿನ ಎರಡು ಕತ್ತಿನ ಮೂಳೆಗಳು ಸಡಿಲವಾಗಿರಬಹುದು, ಎಳೆಯುವುದು ಅಪಾಯ. ಹಿಂದೆಂದೂ ಇಲ್ಲದಂಥ ಕುತ್ತಿಗೆ-ತಲೆ ನೋವಿನ ಜೊತೆ ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು ಇದ್ದರೆ ರಕ್ತನಾಳದ ಸೀಳು ಇರಬಹುದು, ನೇರ ಆಸ್ಪತ್ರೆ.

ಇದೇ ಕಾರಣಕ್ಕೆ ಕ್ಷೌರದಂಗಡಿಯಲ್ಲಿ ಕತ್ತು ಲಟಕ್ಕೆನ್ನಿಸುವ ಚಾಳಿ ಬಿಡಬೇಕು. ತಲೆಗೆ ಎಣ್ಣೆ ತಿಕ್ಕಿಸಿಕೊಳ್ಳಿ, ಗದ್ದ ಹಿಡಿದು ತಿರುಗಿಸಲು ಬಿಡಬೇಡಿ. ಬೆನ್ನೆಲುಬಿನ ಪಕ್ಕದ ತೂತುಗಳಲ್ಲೇ ಮೆದುಳಿಗೆ ಹೋಗುವ ರಕ್ತನಾಳ ಹಾದುಹೋಗುತ್ತದೆ. ಕಲಿತ ಫಿಸಿಯೋ ಕೂಡ, ನರಬೇರಿನ ಲಕ್ಷಣ ಜೋರಿರುವಾಗ ಆ ಬಗೆಯ ಥಟ್ಟನೆಯ ತಿರುಚನ್ನು ಕುತ್ತಿಗೆಗೆ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಿಧಾನದ ಚಲನೆಯಿಂದ ಸಿಗುವುದಕ್ಕಿಂತ ಹೆಚ್ಚೇನೂ ಅದರಿಂದ ಸಿಗುವುದಿಲ್ಲ.

ಪರೀಕ್ಷೆಗಳಲ್ಲಿ ನಾಲ್ಕನ್ನು ಒಟ್ಟಿಗೆ ಮಾಡುವುದು ಒಳ್ಳೆಯದು. ಒಂದು, ಕೂತವರ ತಲೆಯನ್ನು ನೋವಿನ ಬದಿಗೆ ವಾಲಿಸಿ ಮೇಲಿನಿಂದ ಸುಮಾರು 7 ಕಿಲೋ ಭಾರದಷ್ಟು ಒತ್ತುವ ಸ್ಪರ್ಲಿಂಗ್ ಪರೀಕ್ಷೆ. 1944ರಲ್ಲಿ ಇದನ್ನು ವಿವರಿಸಿದ ಅಮೆರಿಕದ ನರಶಸ್ತ್ರಚಿಕಿತ್ಸಕನ ಹೆಸರು. ಕೈಗೆ ನೋವು ಇಳಿದರೆ ಮಾತ್ರ ಇದೆ ಎನ್ನಬೇಕು, ಕುತ್ತಿಗೆ ಮಾತ್ರ ನೊಂದರೆ ಲೆಕ್ಕಕ್ಕಿಲ್ಲ. ಎರಡು, ಅಂಗಾತ ಮಲಗಿಸಿ ತಲೆಯನ್ನು ನಿಧಾನ ಎಳೆದಾಗ ಕೈನೋವು ತಗ್ಗುತ್ತದೆಯೇ. ಮೂರು, ನೋವಿನ ಬದಿಗೆ ಕತ್ತು 60 ಡಿಗ್ರಿಗಿಂತ ಕಡಿಮೆ ತಿರುಗುತ್ತದೆಯೇ. ನಾಲ್ಕು, ಕೈಯನ್ನು ಪಕ್ಕಕ್ಕೆ ಚಾಚಿ, ಮಣಿಕಟ್ಟು ಹಿಂದಕ್ಕೆ ಬಗ್ಗಿಸಿ, ಮೊಣಕೈ ನೇರಮಾಡುತ್ತ, ಅಂಗೈಗೆ ಹೋಗುವ ಮೀಡಿಯನ್ ನರವನ್ನು ಬಿಗಿಯುವ ಪರೀಕ್ಷೆ. 2003ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮೂರು ಇದ್ದರೆ ನರಬೇರಿನ ಕಾಯಿಲೆ ಇರುವ ಸಾಧ್ಯತೆ 65 ಶೇಕಡ, ನಾಲ್ಕೂ ಇದ್ದರೆ 90. ಕೊನೆಯ ಪರೀಕ್ಷೆಯ ಉಪಯೋಗ ಬೇರೆಯೇ: ಅದರಲ್ಲಿ ಏನೂ ಆಗದಿದ್ದರೆ ಈ ಕಾಯಿಲೆ ಇರುವ ಸಂಭವ ಬಹಳ ಕಡಿಮೆ.

ಇಷ್ಟಾದ ಮೇಲೆ ಮೂರು ಅಳತೆ ಬರೆದುಕೊಳ್ಳಿ. ಕೈನೋವು ಹತ್ತಕ್ಕೆ ಎಷ್ಟು, ಎಲ್ಲಿಯವರೆಗೆ. ಕತ್ತು ಎಷ್ಟು ಡಿಗ್ರಿ ತಿರುಗುತ್ತದೆ. ನರ ಬಿಗಿದಾಗ ಮೊಣಕೈ ಯಾವ ಕೋನದಲ್ಲಿ ನಿಲ್ಲುತ್ತದೆ. ಪ್ರತಿ ತಂತ್ರದ ನಂತರ ಇವನ್ನೇ ಮತ್ತೆ ನೋಡುವುದು.

ಮೊದಲು ಕೈಯಿಂದ ಎಳೆಯುವುದು

ಕುತ್ತಿಗೆ ಎಳೆಯುವ ಟ್ರಾಕ್ಷನ್ ಯಂತ್ರಕ್ಕೆ ಕಟ್ಟುವ ಮೊದಲು ಕೈಯಲ್ಲಿ ಎಳೆದು ನೋಡಬೇಕು. ಅಂಗಾತ ಮಲಗಿಸಿ, ಮೊಣಕಾಲ ಕೆಳಗೊಂದು ದಿಂಬು. ಒಂದು ಅಂಗೈ ತಲೆಬುರುಡೆಯ ಹಿಂದಿನ ಅಂಚಿನ ಕೆಳಗೆ, ಇನ್ನೊಂದು ಹಣೆಯ ಮೇಲೆ ಹಗುರಾಗಿ. ಗದ್ದ ಹಿಡಿದು ಎಳೆಯುವವರಿದ್ದಾರೆ, ದವಡೆಯ ಕೀಲಿಗೆ ನೋವು ಬರಿಸುವುದು ಬಿಟ್ಟರೆ ಅದರಿಂದ ಪ್ರಯೋಜನವಿಲ್ಲ. ಕುತ್ತಿಗೆಯನ್ನು 20ರಿಂದ 25 ಡಿಗ್ರಿ ಮುಂದಕ್ಕೆ ಬಾಗಿಸಿಟ್ಟುಕೊಂಡು, ತೋಳುಬಲದಿಂದಲ್ಲ, ನಿಂತ ಮೈಯನ್ನೇ ಹಿಂದಕ್ಕೆ ವಾಲಿಸುತ್ತ ಎಳೆಯಿರಿ. ಹತ್ತು ಸೆಕೆಂಡ್ ಎಳೆತ, ಹತ್ತು ಸೆಕೆಂಡ್ ಸಡಿಲ, ಎಂಟು-ಹತ್ತು ಸಲ. ಎಳೆತದ ಹೊತ್ತಿನಲ್ಲೇ ಕೈ ಹಗುರವಾಗಬೇಕು. ಆಗದಿದ್ದರೆ ಕೋನ ಬದಲಿಸಿ: ಇನ್ನೂ ಐದು ಡಿಗ್ರಿ ಬಾಗಿಸಿ, ಇಲ್ಲವೇ ತಲೆಯನ್ನು ನೋವಿಲ್ಲದ ಬದಿಗೆ ತುಸು ವಾಲಿಸಿ. ಎಲ್ಲ ಕೋನದಲ್ಲೂ ಕೈನೋವು ಹೆಚ್ಚುತ್ತಿದ್ದರೆ ಅಂಥವರಿಗೆ ಟ್ರಾಕ್ಷನ್ ಬರೆದುಕೊಡಬೇಡಿ.

ಇಲ್ಲಿ ಆಗುವ ಮುಖ್ಯ ತಪ್ಪು, ಬಿಡುವಾಗಿನದು. ಎಳೆದದ್ದನ್ನು ಥಟ್ಟನೆ ಬಿಟ್ಟರೆ ಕಂಡಿ ಒಮ್ಮೆಲೇ ಮುಚ್ಚಿಕೊಂಡು ಚಳಕು ಎದ್ದೇಳುತ್ತದೆ. ಎಳೆಯಲು ತೆಗೆದುಕೊಂಡ ಸಮಯದ ಎರಡರಷ್ಟನ್ನು ಬಿಡಲು ತೆಗೆದುಕೊಳ್ಳಿ. ಮುಗಿದ ಮೇಲೆ ಎರಡು ನಿಮಿಷ ಹಾಗೇ ಮಲಗಿದ್ದು, ಮಗ್ಗುಲಿಗೆ ಹೊರಳಿ, ಕೈಯೂರಿ ಏಳಬೇಕು. ಮಲಗಿದಲ್ಲಿಂದ ತಲೆಯನ್ನೇ ಮೊದಲೆತ್ತಿ ಎದ್ದರೆ ಅರ್ಧ ಗಂಟೆಯ ಕೆಲಸ ನೀರುಪಾಲು.

ಯಂತ್ರದ್ದಾದರೆ 4-5 ಕಿಲೋದಿಂದ ಶುರು. ತಲೆಯ ತೂಕವೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಎಳೆದು ಬಿಡುವ ಬಗೆಯಲ್ಲಿ 15 ನಿಮಿಷ, ಎರಡು-ಮೂರು ಭೇಟಿಗೊಮ್ಮೆ ಒಂದೊಂದು ಕಿಲೋ ಏರಿಸುವುದು. ದೇಹತೂಕದ ಹತ್ತನೇ ಒಂದರಿಂದ ಏಳನೇ ಒಂದು ಭಾಗ ಎಂಬ ಲೆಕ್ಕ ನಮ್ಮ ಕಡೆ ಚಾಲ್ತಿಯಲ್ಲಿದೆ. 90 ಕಿಲೋ ತೂಗುವವರಿಗೆ ಆ ಲೆಕ್ಕ ಹಚ್ಚಿ ಮೊದಲ ದಿನವೇ 12 ಕಿಲೋ ಹಾಕಿದರೆ ಸ್ನಾಯುಗಳೆಲ್ಲ ಬಿಗಿದು ಎಳೆತವನ್ನೇ ತಡೆಯುತ್ತವೆ. 2014ರಲ್ಲಿ 86 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಬರೀ ವ್ಯಾಯಾಮ, ವ್ಯಾಯಾಮದ ಜೊತೆ ಯಂತ್ರದ ಟ್ರಾಕ್ಷನ್, ವ್ಯಾಯಾಮದ ಜೊತೆ ಬಾಗಿಲಿಗೆ ನೇತುಹಾಕುವ ಟ್ರಾಕ್ಷನ್ ಹೋಲಿಸಿದರು. ಆರು ತಿಂಗಳಿಗೆ ಯಂತ್ರದ ಗುಂಪೇ ಮೇಲಾಗಿತ್ತು. ಮೂರರಲ್ಲೂ ವ್ಯಾಯಾಮ ಇತ್ತು ಎಂಬುದನ್ನು ಗಮನಿಸಿ.

ಪಕ್ಕಕ್ಕೆ ಸರಿಸುವುದು

ಒಂದೇ ತಂತ್ರ ಕಲಿಯಿರಿ ಎಂದರೆ ನಾನು ಇದನ್ನೇ ಹೇಳುವುದು. ಆಸ್ಟ್ರೇಲಿಯಾದ ಫಿಸಿಯೋ ರಾಬರ್ಟ್ ಎಲ್ವಿ ರೂಢಿಗೆ ತಂದದ್ದು, ಲ್ಯಾಟರಲ್ ಗ್ಲೈಡ್. ಬಲಗೈ ನೋವು ಎಂದಿಟ್ಟುಕೊಳ್ಳಿ. ರೋಗಿ ಅಂಗಾತ, ಬಲ ಮೊಣಕೈ ಮಡಿಸಿ ಅಂಗೈ ಹೊಟ್ಟೆಯ ಮೇಲೆ, ಮೊಣಕೈ ಕೆಳಗೆ ದಿಂಬು, ನರಕ್ಕೆ ಎಲ್ಲೂ ಬಿಗಿ ಇರಬಾರದು. ಚಿಕಿತ್ಸಕ ತಲೆಯ ಹಿಂದೆ. ಎಡಗೈಯಲ್ಲಿ ತಲೆ ಮತ್ತು ಬಾಧಿತ ಮೂಳೆಯವರೆಗಿನ ಕುತ್ತಿಗೆಯನ್ನು ತೊಟ್ಟಿಲ ಹಾಗೆ ಹಿಡಿದು, ಬಲಗೈಯಿಂದ ಬಲ ಹೆಗಲು ಮೇಲೇರದಂತೆ ತಡೆದುಕೊಳ್ಳಬೇಕು. ಈಗ ತಲೆ-ಕುತ್ತಿಗೆಯನ್ನು ಎಡಕ್ಕೆ, ನೋವಿಲ್ಲದ ಬದಿಗೆ, ಮಂಚಕ್ಕೆ ಸಮಾನಾಂತರವಾಗಿ ಸರಿಸುವುದು. ವಾಲಿಸುವುದಲ್ಲ, ತಿರುಗಿಸುವುದಲ್ಲ. ಮೂಗು ಉದ್ದಕ್ಕೂ ಸೂರಿನ ಕಡೆಗೇ ಇರಬೇಕು. ಮೇಜಿನ ಖಾನೆಯನ್ನು ಎಳೆದು ತಳ್ಳಿದ ಹಾಗೆ, ಸೆಕೆಂಡಿಗೊಂದು ತೂಗಾಟ, ಒಂದು ನಿಮಿಷ. ನಿಲ್ಲಿಸಿ, ಕೈ ಹೇಗಿದೆ ಕೇಳಿ, ಮತ್ತೆ ಒಂದು ನಿಮಿಷ. ಮೂರು ಸುತ್ತು ಸಾಕು.

ಎಷ್ಟು ಸರಿಸಬೇಕು? ಹೆಗಲನ್ನು ಹಿಡಿದ ಕೈಗೆ, ಹೆಗಲು ಮೇಲೇರಲು ಹವಣಿಸುತ್ತಿದೆ ಎಂದು ತಿಳಿಯುವವರೆಗೆ. ಅದು ನರ ತನ್ನನ್ನು ಕಾಪಾಡಿಕೊಳ್ಳುವ ಮೊದಲ ಸನ್ನೆ. ಅಲ್ಲಿಂದ ಮುಂದೆ ಹೋಗಬಾರದು. ರೋಗಿ ನೋವೆನ್ನುವವರೆಗೆ ಕಾದರೆ ಆಗಲೇ ತಡ. ಎರಡು ಭೇಟಿಯಲ್ಲಿ ಮೊಣಕೈಯ ಕೋನ ಸುಧಾರಿಸಿದರೆ, ಇದೇ ಸರಿಸುವಿಕೆಯನ್ನು ಕೈ ತುಸು ಪಕ್ಕಕ್ಕೆ ಚಾಚಿಟ್ಟು ಮಾಡಿ, ಮುಂದೆ ಮೊಣಕೈ ಅರ್ಧ ಬಿಚ್ಚಿಟ್ಟು. ಏರಿಸುವುದು ಒಂದು ಸಲಕ್ಕೆ ಒಂದನ್ನೇ: ಕೈಯ ಸ್ಥಾನವೋ, ಸುತ್ತುಗಳ ಸಂಖ್ಯೆಯೋ. ಎರಡನ್ನೂ ಒಟ್ಟಿಗೆ ಏರಿಸಿ ರಾತ್ರಿ ನೋವೆದ್ದರೆ ಯಾವುದರಿಂದ ಎಂದು ಹೇಗೆ ಹೇಳುತ್ತೀರಿ?

ಮೂಳೆ ಎಣಿಸುವಲ್ಲಿ ತಪ್ಪಾಗುವುದು ಮಾಮೂಲು. ಬಗ್ಗಿದಾಗ ಎದ್ದು ಕಾಣುವ ಉಬ್ಬು ಸಿ7 ಎಂದು ಎಲ್ಲರೂ ಕಲಿತಿರುತ್ತಾರೆ, ಆದರೆ ಕೆಲವರಲ್ಲಿ ಅದು ಟಿ1, ಅಂದರೆ ಬೆನ್ನಿನ ಮೊದಲ ಮೂಳೆ. ಎರಡು ಉಬ್ಬುಗಳ ಮೇಲೆ ಬೆರಳಿಟ್ಟು ತಲೆ ಹಿಂದಕ್ಕೆ ಬಾಗಿಸಿ: ಬೆರಳಡಿಯಿಂದ ಒಳಗೆ ಜಾರಿಹೋಗುವುದು ಸಿ6, ಜಾರದೆ ನಿಲ್ಲುವುದು ಸಿ7. ಅಲ್ಲಿಂದ ಮೇಲಕ್ಕೆ ಎಣಿಸಿ.

ಬೋರಲು ಮಲಗಿಸಿ ಹೆಬ್ಬೆರಳುಗಳಿಂದ ಫ್ಯಾಸೆಟ್ ಕೀಲಿನ ಕಂಬದ ಮೇಲೆ, ನಡುಗೆರೆಯಿಂದ ಸುಮಾರು ಎರಡು ಸೆಂಟಿಮೀಟರ್ ಪಕ್ಕದಲ್ಲಿ ಒತ್ತಿ ಬಿಡುವುದು ಇನ್ನೊಂದು ವಿಧಾನ. ಆಸ್ಟ್ರೇಲಿಯಾದವರೇ ಆದ ಜೆಫ್ರಿ ಮೈಟ್‌ಲ್ಯಾಂಡ್ ಇದನ್ನು ನಾಲ್ಕು ದರ್ಜೆಗಳಲ್ಲಿ ಹೇಳಿದರು. ಒಂದು, ಎರಡನೇ ದರ್ಜೆಗೆ ಬಿಗಿ ತಾಗುವ ಮೊದಲೇ ಹಿಂತಿರುಗಬೇಕು. ಮೂರು, ನಾಲ್ಕು ಬಿಗಿಯೊಳಗೆ ಹೋಗುತ್ತವೆ. ನೋವು ಮುಂಗೈಯಲ್ಲಿ ಉರಿಯುತ್ತಿರುವ ದಿನಗಳಲ್ಲಿ ಒಂದು-ಎರಡು ದಾಟಬಾರದು, 30 ಸೆಕೆಂಡಿನ ಮೂರು ಸರದಿ. ಮೂರು-ನಾಲ್ಕರ ಕಾಲ ಬರುವುದು ನೋವು ಹೆಗಲಿಗೆ ಹಿಂದೆಗೆದು, ಕುತ್ತಿಗೆಯ ಬಿಗಿ ಮಾತ್ರ ಉಳಿದಾಗ. ಮೊದಲ ದಿನವೇ ಬೆವರು ಹರಿಯುವಷ್ಟು ಒತ್ತುವವರನ್ನು "ಒಳ್ಳೆ ಕೈ" ಎಂದು ಮೆಚ್ಚುವ ರೋಗಿಗಳೂ ಇದ್ದಾರೆ, ಏನು ಮಾಡೋಣ.

ನ್ಯೂಜಿಲೆಂಡಿನ ಬ್ರಯಾನ್ ಮಲಿಗನ್ ಹೇಳಿಕೊಟ್ಟದ್ದು ಕೂತು ಮಾಡುವ ತಂತ್ರ. ಮೂಳೆಯ ಹಿಂಬದಿಯ ಮುಳ್ಳನ್ನು ನೋವಿನ ಬದಿಯಿಂದ ಆಚೆ ಬದಿಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದಿರುವಾಗ ರೋಗಿಯೇ ಕೈ ಎತ್ತುವುದು. ಎತ್ತುವಾಗ ನೋವು ಪೂರ್ತಿ ಇಲ್ಲವಾಗಬೇಕು. ಕಡಿಮೆಯಾಯಿತು ಎಂದರೆ ಸಾಲದು. ಒತ್ತುವ ಮೂಳೆ ಅಥವಾ ದಿಕ್ಕು ಬದಲಿಸಿ. ಮೊದಲ ದಿನ ಮೂರೇ ಸಲ. "ಚೆನ್ನಾಗಿ ಕೆಲಸ ಮಾಡಿತು" ಎಂದು ಹತ್ತು ಸಲ ಮಾಡಿಸಿದರೆ ಸಂಜೆಗೆ ತಿರುಗಿ ಬೀಳುತ್ತದೆ.

ಬೆನ್ನಿನ ಮೇಲ್ಭಾಗವನ್ನು ಮರೆಯಬೇಡಿ. ಟಿ1ರಿಂದ ಟಿ6ರವರೆಗಿನ ಬಿಗಿ ಬಿಡಿಸಿದರೆ ಕುತ್ತಿಗೆ ಮುಟ್ಟದೆಯೇ ನೋವು ತಗ್ಗುವುದುಂಟು. ಕುತ್ತಿಗೆಯನ್ನು ಮುಟ್ಟಲು ಬಿಡದಷ್ಟು ನೋವಿದ್ದವರಿಗೆ ಶುರು ಮಾಡಬೇಕಾದದ್ದು ಇಲ್ಲಿಂದಲೇ. ಮೂಳೆ ಟೊಳ್ಳಾದ ಹಿರಿಯರಿಗೆ, ಬಹುಕಾಲ ಸ್ಟೀರಾಯ್ಡ್ ನುಂಗಿದವರಿಗೆ ಇಲ್ಲಿಯೂ ಥಟ್ಟನೆ ಒತ್ತಬಾರದು. ಅಮೆರಿಕದ ಫಿಸಿಯೋಥೆರಪಿ ಸಂಘದ 2017ರ ಮಾರ್ಗಸೂಚಿ ಕೂಡ ಹಳೆಯದಾದ ಕೈಗಿಳಿವ ನೋವಿಗೆ ಬಿಡಿಬಿಡಿಯಾಗಿ ಏನನ್ನೂ ಹೇಳುವುದಿಲ್ಲ. ಎಳೆದು ಬಿಡುವ ಟ್ರಾಕ್ಷನ್, ಕುತ್ತಿಗೆ ಮತ್ತು ಬೆನ್ನಿನ ಕೈಚಿಕಿತ್ಸೆ, ಸ್ನಾಯು ಹಿಗ್ಗಿಸಿ ಬಲಪಡಿಸುವ ವ್ಯಾಯಾಮಗಳನ್ನು ಕೂಡಿಸಿಯೇ ಹೇಳುತ್ತದೆ.

ಮನೆಗೆ ಕೊಡುವ ವ್ಯಾಯಾಮದಲ್ಲಿ ಆಗುವ ಎಡವಟ್ಟು

ಕೈಯಿಂದ ತಲೆ ಹಿಡಿದು ಆಚೆ ಬದಿಗೆ ಎಳೆದು, ಹೆಗಲು ಕೆಳಗೆ ಒತ್ತಿ 30 ಸೆಕೆಂಡ್ ಹಿಡಿಯುವ ಟ್ರಪೀಜಿಯಸ್ ಸ್ಟ್ರೆಚ್ ಪ್ರತಿ ಕ್ಲಿನಿಕ್ಕಿನ ಚೀಟಿಯಲ್ಲೂ ಇರುತ್ತದೆ. ಸಾದಾ ಕುತ್ತಿಗೆ ಬಿಗಿತಕ್ಕೆ ಒಳ್ಳೆಯದೇ. ಆದರೆ ಕೈಗಿಳಿದ ನೋವಿನಲ್ಲಿ ಅದು ನರವನ್ನು ಎರಡೂ ತುದಿಯಿಂದ ಹಿಡಿದು ಜಗ್ಗಿದಂತೆ. ಹೆಗಲ ಸ್ನಾಯು ಬಿಗಿದಿರುವುದೇ ನರಕ್ಕೆ ಸಡಿಲ ಕೊಡಲೆಂದು. ಅದನ್ನು ಬಲವಂತವಾಗಿ ಬಿಡಿಸಿದರೆ ರಾತ್ರಿ ನಿದ್ದೆ ಇಲ್ಲ. ಮೊದಲ ಎರಡು-ಮೂರು ವಾರ ಅದನ್ನು ಚೀಟಿಯಿಂದ ಹೊಡೆದುಹಾಕಿ.

ಬದಲಿಗೆ ನರವನ್ನು ಜಾರಿಸುವುದು. ಕೈ ಪಕ್ಕಕ್ಕೆ ಹೆಗಲಿಗಿಂತ ತುಸು ಕೆಳಗಿನ ಮಟ್ಟಕ್ಕೆ, ಅಂಗೈ ಮೇಲೆ. ಮೊಣಕೈ ನೇರ ಮಾಡುವಾಗ ತಲೆಯನ್ನು ಅದೇ ಕೈಯ ಕಡೆಗೆ ವಾಲಿಸಿ. ಮೊಣಕೈ ಮಡಿಸುವಾಗ ತಲೆ ಆಚೆ ಕಡೆಗೆ. ಒಂದು ತುದಿ ಬಿಗಿದಾಗ ಇನ್ನೊಂದು ತುದಿ ಸಡಿಲ, ಬಾವಿಯ ರಾಟೆಯಲ್ಲಿ ಹಗ್ಗ ಓಡಾಡಿದ ಹಾಗೆ. ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಎಲ್ಲೂ ಹಿಡಿದು ನಿಲ್ಲಬಾರದು. ಜುಮ್ಮೆನ್ನುವುದು ಶುರುವಾಗುವಲ್ಲಿ ಹಿಂತಿರುಗಿ. ನಿಲ್ಲಿಸಿದ ಕೂಡಲೇ ಅದು ಹೋಗಬೇಕು. ಹೆಚ್ಚಿನವರು ತಲೆಯ ದಿಕ್ಕನ್ನು ತಿರುಗಾಮುರುಗಾ ಮಾಡುತ್ತಾರೆ. ಆಗ ಜಾರಿಸುವ ವ್ಯಾಯಾಮ ಜಗ್ಗುವ ವ್ಯಾಯಾಮ ಆಗಿಬಿಡುತ್ತದೆ. ಕನ್ನಡಿ ಮುಂದೆ ಮಾಡಿಸಿ, ಮನೆಯವರೊಬ್ಬರಿಗೂ ತೋರಿಸಿ ಕಳಿಸಿ.

ಕುತ್ತಿಗೆಯ ಮುಂದಿನ ಆಳದ ಸ್ನಾಯುಗಳಿಗೆ: ಮಡಚಿದ ಟವೆಲ್ ಕುತ್ತಿಗೆಯ ಬಾಗಿನಡಿ ಇಟ್ಟು ಅಂಗಾತ ಮಲಗಿ, ಮೆಲ್ಲಗೆ "ಹೂಂ" ಅನ್ನುವಷ್ಟು ಗದ್ದ ಆಡಿಸುವುದು. ತಲೆ ದಿಂಬಿನಿಂದ ಏಳಬಾರದು. ಬಿಪಿ ಯಂತ್ರದ ಪಟ್ಟಿಯನ್ನು ಮಡಚಿ ಕುತ್ತಿಗೆಯಡಿ ಇಟ್ಟು 20ಕ್ಕೆ ಗಾಳಿ ತುಂಬಿದರೆ ಅಳತೆಯೂ ಸಿಗುತ್ತದೆ: 22ಕ್ಕೆ ಏರಿಸಿ ಹತ್ತು ಸೆಕೆಂಡ್, ಹತ್ತು ಸಲ ನಡುಗದೆ ಬಂದರೆ 24, ಹೀಗೆ 30ರವರೆಗೆ. ಕತ್ತಿನ ಮುಂದೆ ಹಗ್ಗದಂಥ ಸ್ನಾಯುಗಳು ಎದ್ದು ನಿಂತರೆ ಆಳದವು ಕೆಲಸ ಮಾಡುತ್ತಿಲ್ಲ ಎಂದರ್ಥ. ಒಂದು ಮೆಟ್ಟಿಲು ಇಳಿಯಿರಿ. ರಬ್ಬರ್ ಪಟ್ಟಿ ಎಳೆದು ರೆಕ್ಕೆಮೂಳೆ ಹಿಂದಕ್ಕೆ ಸೇರಿಸುವ ವ್ಯಾಯಾಮ ನೋವು ಮೊಣಕೈ ದಾಟಿ ಮೇಲೇರಿದ ಮೇಲೆ.

ಬಾಗಿಲಿಗೆ ನೇತುಹಾಕುವ ನೀರಿನ ಚೀಲದ ಟ್ರಾಕ್ಷನ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಕೊಂಡವರಲ್ಲಿ ಬಹಳ ಮಂದಿ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಾರೆ. ಹಾಗೆ ಕೂತರೆ ಹಗ್ಗ ತಲೆಯನ್ನು ಹಿಂದಕ್ಕೆ ಎಳೆದು ಕಂಡಿ ಮುಚ್ಚುತ್ತದೆ. ಬಾಗಿಲಿಗೆ ಮುಖ ಮಾಡಿ, ಒಂದಡಿ ದೂರದಲ್ಲಿ ಕೂರಬೇಕು. 3-4 ಲೀಟರ್ ನೀರು, ಹತ್ತು ನಿಮಿಷ. ದವಡೆ ನೋವು ಬಂದರೆ ನಿಲ್ಲಿಸಿ.

ಕಾಲರ್ ಹಾಕಬೇಕೇ ಎಂದು ಎಲ್ಲರೂ ಕೇಳುತ್ತಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಶುರುವಾಗಿ ಒಂದು ತಿಂಗಳೊಳಗಿನ 205 ರೋಗಿಗಳನ್ನು ಮೂರು ಗುಂಪು ಮಾಡಿ, 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರೆಗಟ್ಟಿ ಕಾಲರ್ ಹಾಕಿ ವಿಶ್ರಾಂತಿ ಪಡೆದವರಿಗೂ ಫಿಸಿಯೋಥೆರಪಿ ಪಡೆದವರಿಗೂ ಸುಮ್ಮನೆ ಕಾದವರಿಗಿಂತ ಆರು ವಾರದಲ್ಲಿ ಕೈನೋವು ಹೆಚ್ಚು ತಗ್ಗಿತು. ಹಾಗಾಗಿ ಹೊಸ ನೋವಿಗೆ ಮೂರು ವಾರ ಕಾಲರ್ ತಪ್ಪಲ್ಲ, ಆಮೇಲೆ ಬಿಡಿಸಿಕೊಳ್ಳುತ್ತ ಬರಬೇಕು. ಅಗಲವಾದ ಬದಿ ಹಿಂದಕ್ಕೆ ಬಂದು ಗದ್ದ ತುಸು ಇಳಿದಿದ್ದರೆ ಹಿತ. ಗದ್ದ ಎತ್ತಿ ಹಿಡಿಯುವ ಕಾಲರ್ ಈ ಕಾಯಿಲೆಗೆ ಶತ್ರು. ಶಾಖ, ಚರ್ಮದ ಮೇಲಿಂದ ಹಗುರ ಕರೆಂಟ್ ಕೊಡುವ ಐಎಫ್‌ಟಿ ಯಂತ್ರಗಳ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಹಿತವಾಗಿದ್ದರೆ ಹತ್ತು ನಿಮಿಷ ಇರಲಿ, ಇಡೀ ಭೇಟಿ ಅದರಲ್ಲೇ ಮುಗಿದರೆ ದುಡ್ಡು ದಂಡ.

ದಿನದ ಕೆಲಸದಲ್ಲಿ ಎಲ್ಲರೂ ಮೊಬೈಲ್ ಬಗ್ಗಿ ನೋಡುವುದನ್ನೇ ಬೈಯುತ್ತಾರೆ. ಕಂಡಿಯ ಲೆಕ್ಕ ಹಿಡಿದರೆ, ಕೈಗಿಳಿದ ನೋವಿರುವವರಿಗೆ ಹೆಚ್ಚು ಕೇಡು ಮಾಡುವುದು ಮೇಲೆ ನೋಡುವ ಕೆಲಸ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ದೋಟಿ ಹಿಡಿದು ಗಂಟೆಗಟ್ಟಲೆ ಅಡಿಕೆ ಕೊನೆ ನೋಡುತ್ತ ನಿಲ್ಲುವವರು, ಸೂರಿಗೆ ಸುಣ್ಣ ಬಳಿಯುವವರು, ಫ್ಯಾನ್ ಜೋಡಿಸುವವರು. ಪೂರ್ತಿ ಬಿಡಲಾಗದಿದ್ದರೆ ಮರದ ಬುಡದಿಂದ ಇನ್ನಷ್ಟು ದೂರ ಸರಿದು ನಿಂತರೆ ಕತ್ತಿನ ಕೋನ ತಗ್ಗುತ್ತದೆ. ನೋಯುವ ಕೈ ಬಲಗೈಯಾದರೆ ಕೊನೆ ಎಡಕ್ಕೆ ಬರುವಂತೆ ನಿಲ್ಲಬೇಕು. ಬೈಫೋಕಲ್ ಕನ್ನಡಕದವರು ಕಂಪ್ಯೂಟರ್ ಪರದೆಯನ್ನು ಗದ್ದ ಎತ್ತಿ ಕೆಳಗಾಜಿನಲ್ಲಿ ನೋಡುತ್ತಾರೆ, ಅದೂ ಇದೇ ಜಾತಿ. ಪರದೆ ಇಳಿಸಿ, ಅಥವಾ ಅದಕ್ಕೇ ಬೇರೆ ಕನ್ನಡಕ ಮಾಡಿಸಿ. ಲ್ಯಾಪ್‌ಟಾಪ್ ಚೀಲದ ಪಟ್ಟಿ ನೋವಿನ ಹೆಗಲನ್ನು ಕೆಳಗೆ ಜಗ್ಗಬಾರದು. ಬೈಕಿನಲ್ಲಿ ಹೆಲ್ಮೆಟ್ ಭಾರದ ಜೊತೆ ಹಂಪ್ ಹಾರಿಸಿದರೆ ಪ್ರತಿ ಹಂಪೂ ಒಂದು ಸ್ಪರ್ಲಿಂಗ್ ಪರೀಕ್ಷೆ. ರಾತ್ರಿ ಮಗ್ಗುಲಾಗಿ ಮಲಗಿದರೆ ದಿಂಬು ಕಿವಿಗೂ ಹೆಗಲ ತುದಿಗೂ ನಡುವಿನ ಎತ್ತರದಷ್ಟಿರಲಿ, ನೋಯುವ ಕೈ ಮುಂದೊಂದು ದಿಂಬಿನ ಮೇಲಿರಲಿ.

ವಾರಕ್ಕೆ ಎರಡು-ಮೂರು ಭೇಟಿ, ನಾಲ್ಕರಿಂದ ಆರು ವಾರ. ಆರು ಭೇಟಿಯಾದರೂ ನೋವು ಒಂದಿಂಚೂ ಮೇಲೇರದಿದ್ದರೆ ತಂತ್ರ ಬದಲಿಸುವುದಕ್ಕಿಂತ ರೋಗನಿರ್ಣಯವನ್ನೇ ಮತ್ತೆ ನೋಡಿ. ಸ್ನಾಯುಬಲ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ, ನೋವು ಕಡಿಮೆಯಾಗಿದ್ದರೂ ಸರಿ, ನರಶಸ್ತ್ರಚಿಕಿತ್ಸಕರ ಬಳಿ ಕಳಿಸಬೇಕು. ನೋವು ಹೋಗಿ ಕೈ ಸೋತದ್ದನ್ನು ಗುಣ ಎಂದು ತಿಳಿಯಬಾರದು. ರಾಚೆಸ್ಟರಿನ ಆ 561 ಮಂದಿಯಲ್ಲಿ ನೂರಕ್ಕೆ 26 ಮಂದಿಗೆ ಶಸ್ತ್ರಚಿಕಿತ್ಸೆ ಆಯಿತು. ಕೊನೆಯ ಭೇಟಿಯ ಹೊತ್ತಿಗೆ ನೂರಕ್ಕೆ 90 ಮಂದಿಗೆ ತೊಂದರೆ ಇರಲಿಲ್ಲ ಅಥವಾ ಅಲ್ಪಸ್ವಲ್ಪ ಇತ್ತು.

ವಾಸಿಯಾಗುವುದಕ್ಕೂ ಒಂದು ಕ್ರಮವಿದೆ. ಸಾಮಾನ್ಯವಾಗಿ ಮೊದಲು ಹೋಗುವುದು ಉರಿ, ಚಳಕು. ಆಮೇಲೆ ಬಲ ಮರಳುತ್ತದೆ. ಬೆರಳ ತುದಿಯ ಜೋಮು ಕೊನೆಗೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ. ನೋವಿಲ್ಲ, ಟ್ರೈಸೆಪ್ಸ್ ಗಟ್ಟಿಯಾಗಿದೆ, ನಡುಬೆರಳ ತುದಿ ಮಾತ್ರ ಮರಗಟ್ಟಿದಂತಿದೆ ಎನ್ನುವವರ ಕುತ್ತಿಗೆಯನ್ನು ಅದಕ್ಕೋಸ್ಕರ ಮತ್ತೆ ಮತ್ತೆ ಎಳೆಯುವ ಅಗತ್ಯವಿಲ್ಲ. ಬಿಪಿ ಪಟ್ಟಿಯ ವ್ಯಾಯಾಮವನ್ನು ವಾರಕ್ಕೆ ಮೂರು ದಿನ ಮುಂದುವರಿಸಲು ಹೇಳಿ, ಎಂಟು ವಾರ ಬಿಟ್ಟು ರಿಫ್ಲೆಕ್ಸ್ ನೋಡಲು ಬರಹೇಳಿ.